ಮೇಲ್ವಿಚಾರಣೆ ಎಂಬ ಮಾತು

'ಬೋರ್ಡು' ಎಂಬ ಪರದೇಶದ ಮಾತು ನಮ್ಮ ನುಡಿಯಲ್ಲಿ ನೆಲಸಿ ಬಹುಕಾಲವಾಯಿತು. ನೆಲಸಿದ್ದಷ್ಟೇ ಅಲ್ಲ, ಒಂದೇ ಪ್ರೌಢಶಾಲೆಯ ಆವರಣದೊಳಗೆ ಅದು ನಾಲ್ಕು ಮನೆಗಳನ್ನು ಮಾಡಿಕೊಂಡಿದೆ. ಹೆಬ್ಬಾಗಿಲ ಮೇಲೆ ಶಾಲೆಯ ಹೆಸರನ್ನು ಹೊತ್ತು ನಿಂತಿರುವುದು ಒಂದು ಬೋರ್ಡು. ತರಗತಿಯ ಗೋಡೆಯಲ್ಲಿ ಸೀಮೆಸುಣ್ಣಕ್ಕೆ ಮೈಯೊಡ್ಡಿರುವುದು ಇನ್ನೊಂದು. ಹತ್ತನೆಯ ತರಗತಿಯ ಮಕ್ಕಳ ನಿದ್ದೆಗೆಡಿಸುವ ಪರೀಕ್ಷೆಯನ್ನು ನಡೆಯಿಸುವುದು ಮೂರನೆಯದು. ಈ ಮೂರನ್ನೂ ಊರಿನವರೆಲ್ಲರೂ ಬಲ್ಲರು. ನಾಲ್ಕನೆಯದೊಂದುಂಟು. ಅದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಉದ್ದನೆಯ ಮೇಜಿನ ಸುತ್ತ ಕೂಡುತ್ತದೆ, ಕಾಫಿ ಕುಡಿಯುತ್ತದೆ, ನಡವಳಿ ಪುಸ್ತಕದಲ್ಲಿ ರುಜು ಹಾಕುತ್ತದೆ, ಎದ್ದು ಹೋಗುತ್ತದೆ. ಶಾಲೆಯ ಆಡಳಿತ ಮಂಡಲಿಯೆಂದು ಅದರ ಹೆಸರು. ಮಕ್ಕಳಿಗೆ ಅದರ ಪರಿಚಯ ಅಷ್ಟಕ್ಕಷ್ಟೆ. ವಾರ್ಷಿಕೋತ್ಸವದ ದಿನ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕುಳಿತವರು ಎಂಬಷ್ಟನ್ನೇ ಅವರು ಬಲ್ಲರು.

ನಾನು ಹೇಳಹೊರಟಿರುವುದು ಈ ನಾಲ್ಕನೆಯ ಬೋರ್ಡಿನ ವಿಷಯವನ್ನು. ತಾಲ್ಲೂಕು ಊರೊಂದರ ಅನುದಾನಿತ ಪ್ರೌಢಶಾಲೆಯ ಮಂಡಲಿಯಲ್ಲಿ ಕೆಲವು ವರ್ಷಗಳ ಕಾಲ ಸದಸ್ಯನಾಗಿ ಕುಳಿತವನು ನಾನು. ಅಲ್ಲಿ ಕಂಡದ್ದು ಅಸಾಧಾರಣವಾದುದೇನೂ ಅಲ್ಲ. ನಾಡಿನ ನೂರಾರು ಊರುಗಳಲ್ಲಿ ಅದೇ ಮೇಜು, ಅದೇ ಕಾಫಿ, ಅದೇ ನಡವಳಿ ಪುಸ್ತಕ. ಆದುದರಿಂದಲೇ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು. ಶಾಲೆಯ ಬಗೆಗೆ ನಾವು ಬರೆಯುವಾಗ ಗುರುಗಳನ್ನು ಸ್ಮರಿಸುತ್ತೇವೆ, ಪಠ್ಯಪುಸ್ತಕವನ್ನು ದೂರುತ್ತೇವೆ, ಸರ್ಕಾರವನ್ನು ಬೈಯುತ್ತೇವೆ. ಆದರೆ ಶಾಲೆಯ ಹಣ, ಅದರ ಕಾರ್ಯಕ್ರಮ, ಅಲ್ಲಿನ ಮಕ್ಕಳ ಬಾಳು — ಈ ಮೂರರ ಮೇಲೂ ಕಣ್ಣಿಡಬೇಕಾದ ಹತ್ತು ಹನ್ನೆರಡು ಮಂದಿ ನಮ್ಮ ಊರಿನವರೇ, ನಮ್ಮ ನೆರೆಯವರೇ ಎಂಬುದನ್ನು ಮರೆಯುತ್ತೇವೆ.

ಈ ಮಂಡಲಿಗಳು ಎಲ್ಲಿಂದ ಬಂದುವು? ಬ್ರಿಟಿಷರ ಆಳ್ವಿಕೆಯಲ್ಲಿ, ೧೮೫೪ರ ವುಡ್ ಅವರ ಶಿಕ್ಷಣ ನಿರೂಪವು ಸಹಾಯಧನದ ಪದ್ಧತಿಯನ್ನು ತಂದಿತು. ಊರಿನವರು ಶಾಲೆ ತೆರೆದು ನಡೆಯಿಸಿದರೆ ಸರ್ಕಾರ ಅದನ್ನು ಪರೀಕ್ಷಿಸಿ ಖರ್ಚಿನಲ್ಲಿ ಒಂದು ಪಾಲನ್ನು ಕೊಡುವುದು ಆ ಪದ್ಧತಿಯ ತಿರುಳು. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರೌಢ ಶಿಕ್ಷಣವನ್ನು ಸಾಧ್ಯವಾದಷ್ಟೂ ಖಾಸಗಿ ಪ್ರಯತ್ನಕ್ಕೆ ಬಿಡಬೇಕೆಂದು ಸಲಹೆ ಮಾಡಿತು. ಸರ್ಕಾರಕ್ಕೆ ಖರ್ಚು ಉಳಿಯಿತು. ಜನರಿಗೆ ಹೊಣೆ ಬಂದಿತು. ನಮ್ಮ ಜನ ಆ ಹೊಣೆಯನ್ನು ಹೊತ್ತ ರೀತಿ ಮಾತ್ರ ಹೆಮ್ಮೆ ಪಡಬೇಕಾದದ್ದು. ೧೯೧೬ರ ನವೆಂಬರ್ ತಿಂಗಳಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಸೇರಿ ಒಂದು ಶಾಲೆಯನ್ನು ಆರಂಭಿಸಿದರು. ಅದೇ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೊದಲು. ಆ ಏಳು ಮಂದಿಯನ್ನು ಜನ ಇಂದಿಗೂ 'ಸಪ್ತರ್ಷಿಗಳು' ಎಂದು ಕರೆಯುತ್ತಾರೆ. ಅತ್ತ, ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಜಿಲ್ಲಾ ಬೋರ್ಡು ತಾನೇ ಪ್ರೌಢಶಾಲೆಗಳನ್ನು ನಡೆಯಿಸುತ್ತಿತ್ತು. ಕುಂದಾಪುರ, ಪುತ್ತೂರುಗಳಲ್ಲಿ ಅವನ್ನು ಜನ 'ಬೋರ್ಡ್ ಹೈಸ್ಕೂಲು' ಎಂದೇ ಕರೆದರು. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಆ ಜಿಲ್ಲಾ ಬೋರ್ಡುಗಳೂ ಅಳಿದುವು; ಹೆಸರು ಮಾತ್ರ ಹಿರಿಯರ ನಾಲಗೆಯ ಮೇಲೆ ಉಳಿಯಿತು.

ಹೀಗೆ, ಶಾಲೆಗೆ ಮಂಡಲಿ ಬಂದದ್ದು ಮೇಲಿನಿಂದ ಇಳಿದ ಕಟ್ಟಳೆಯಾಗಿ ಅಲ್ಲ. ಬಹುಮಟ್ಟಿಗೆ ಊರಿನ ಆಸೆಯಾಗಿ. ಯಾರೋ ಜಾಗ ಕೊಟ್ಟರು, ಯಾರೋ ತೊಲೆ ಕೊಟ್ಟರು, ಯಾರೋ ಒಂದು ವರ್ಷದ ಬೆಳೆಯಲ್ಲಿ ಪಾಲು ಕೊಟ್ಟರು. ಕೊಟ್ಟವರು ಕೂತು ನೋಡಿಕೊಂಡರು. ಕೊಟ್ಟ ತಲೆಮಾರು ಕಳೆದ ಮೇಲೆ ಕುರ್ಚಿಗಳು ಉಳಿದುವು. ತೊಡಕು ಹುಟ್ಟುವುದು ಇಲ್ಲಿ. ಆಸೆಯಿಂದ ಕುಳಿತವನು ಏನನ್ನು ನೋಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುರ್ಚಿಯನ್ನು ಬಳುವಳಿಯಾಗಿ ಪಡೆದವನಿಗೆ ಅದನ್ನು ಹೇಳಿಕೊಡಬೇಕಾಗುತ್ತದೆ.

ಮಂಡಲಿಯ ಕೆಲಸಕ್ಕೆ ನಾವು ಇಟ್ಟುಕೊಂಡಿರುವ ಹೆಸರು 'ಮೇಲ್ವಿಚಾರಣೆ'. ಒಳ್ಳೆಯ ಮಾತು. ಆದರೆ ಅದರಲ್ಲಿ ಎರಡು ಭಾಗಗಳಿವೆ. ಅನೇಕ ಮಂಡಲಿಗಳು ಮೊದಲನೆಯ ಭಾಗವಾದ 'ಮೇಲ'ನ್ನು ಭದ್ರವಾಗಿ ಹಿಡಿದುಕೊಂಡು, ಎರಡನೆಯದಾದ 'ವಿಚಾರಣೆ'ಯನ್ನು ಕೈಬಿಟ್ಟಿವೆ. ವಿಚಾರಣೆ ಎಂದರೇನು? ಕನ್ನಡದಲ್ಲಿ ಆ ಮಾತಿಗೆ ಮೂರು ಮುಖಗಳುಂಟು. ಲೆಕ್ಕ ಕೇಳುವುದು, ತನಿಖೆ ಮಾಡುವುದು ಒಂದು ವಿಚಾರಣೆ. ವಿಚಾರ ಮಾಡುವುದು, ಎಂದರೆ ಯೋಚಿಸಿ ಯುಕ್ತಾಯುಕ್ತವನ್ನು ತೂಗುವುದು ಎರಡನೆಯದು. ಮನೆಗೆ ಬಂದವರನ್ನು 'ಚೆನ್ನಾಗಿ ವಿಚಾರಿಸಿಕೊಂಡರು' ಎನ್ನುತ್ತೇವಲ್ಲ, ಆ ಯೋಗಕ್ಷೇಮದ ವಿಚಾರಣೆ ಮೂರನೆಯದು. ಶಾಲೆಯ ಹಣಕ್ಕೆ ಮೊದಲನೆಯದು ಬೇಕು, ಕಾರ್ಯಕ್ರಮಕ್ಕೆ ಎರಡನೆಯದು, ಮಕ್ಕಳ ಬಾಳಿಗೆ ಮೂರನೆಯದು. ಮೂರೂ ಕೂಡಿದರೆ ಮೇಲ್ವಿಚಾರಣೆ; ಇಲ್ಲವಾದರೆ ಬರಿಯ ಮೇಲುಗೈ.

ಮೊದಲು ಹಣದ ಮಾತನ್ನೇ ನೋಡೋಣ. ಮಂಡಲಿಗಳು ಮೊದಲು ನೋಡುವುದೂ ಅದನ್ನೇ. ಪಾರ್ಕಿನ್ಸನ್ ಎಂಬ ಆಂಗ್ಲ ಲೇಖಕನು ೧೯೫೭ರಲ್ಲಿ ಪ್ರಕಟಿಸಿದ ವಿನೋದದ ಗ್ರಂಥವೊಂದರಲ್ಲಿ ಒಂದು ಸಮಿತಿಯ ಸಭೆಯ ಚಿತ್ರವಿದೆ. ಕೋಟಿಗಟ್ಟಲೆ ಹಣದ ಅಣುಸ್ಥಾವರದ ವಿಷಯ ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಗುಮಾಸ್ತರ ಸೈಕಲ್ಲು ನಿಲ್ಲಿಸುವ ಚಪ್ಪರದ ಮೇಲೆ ಬಹಳ ಹೊತ್ತು ವಾದ ನಡೆಯುತ್ತದೆ. ಕಾಫಿಯ ಖರ್ಚಿನ ಮೇಲೆ ಇನ್ನೂ ಹೆಚ್ಚು ಹೊತ್ತು. ಅಣುಸ್ಥಾವರ ಯಾರಿಗೂ ತಿಳಿಯದು, ಕಾಫಿ ಎಲ್ಲರಿಗೂ ತಿಳಿಯುವುದು ಎಂಬುದೇ ಅದರ ಗುಟ್ಟು. ಆ ಲೇಖಕನು ನಮ್ಮ ಮಂಡಲಿಯ ಸಭೆಗೆ ಬಂದಿರಲಿಲ್ಲವೆಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ಚಿತ್ರ ಮಾತ್ರ ನಮ್ಮದೇ. ಹೊಸ ಕೊಠಡಿಗಳ ಅಂದಾಜುಪಟ್ಟಿ ಗಡಿಯಾರ ನೋಡುವುದರೊಳಗೆ ಒಪ್ಪಿಗೆಯಾಗುತ್ತಿತ್ತು. ಸುಣ್ಣ ಬಳಿಯುವ ಕೂಲಿ ಹೆಚ್ಚಾಯಿತೆಂಬ ವಿಷಯಕ್ಕೆ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಅನುದಾನಿತ ಶಾಲೆಯಲ್ಲಿ ಉಪಾಧ್ಯಾಯರ ಸಂಬಳ ಸರ್ಕಾರದಿಂದ ಬರುತ್ತದೆ. ಕಟ್ಟಡ, ಪೀಠೋಪಕರಣ, ದುರಸ್ತಿ, ಖಾಲಿಯಾದ ಹುದ್ದೆಗೆ ಸರ್ಕಾರದ ಒಪ್ಪಿಗೆ ಬರುವವರೆಗೆ ಇಟ್ಟುಕೊಂಡ ಉಪಾಧ್ಯಾಯರಿಗೆ ಕೊಡಬೇಕಾದ ಪುಡಿ ಸಂಬಳ — ಇವು ಮಂಡಲಿಯ ತಲೆಯ ಮೇಲೆ. ಸರ್ಕಾರಿ ಶಾಲೆಯ ಲೆಕ್ಕ ಬೇರೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯು ೨೦೧೮ರಲ್ಲಿ ಗೊತ್ತುಮಾಡಿದ ಶಾಲಾ ಅನುದಾನದಲ್ಲಿ, ೨೫೧ರಿಂದ ೧,೦೦೦ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ೭೫,೦೦೦ ರೂಪಾಯಿ. ಅದರಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಸ್ವಚ್ಛತೆಗೆ ಬಳಸಬೇಕೆಂದು ಕಟ್ಟಳೆ. ೩೦೦ ಮಕ್ಕಳ ಶಾಲೆಯೆಂದಿಟ್ಟುಕೊಂಡರೆ ಮಗುವೊಂದಕ್ಕೆ ವರ್ಷಕ್ಕೆ ೨೫೦ ರೂಪಾಯಿಯಾಯಿತು. ಶಾಲೆ ೨೨೦ ದಿನ ನಡೆದರೆ ದಿನಕ್ಕೆ ಒಂದು ರೂಪಾಯಿಗಿಂತ ಸ್ವಲ್ಪ ಮೇಲು. ಸೀಮೆಸುಣ್ಣ, ವಿದ್ಯುತ್ತು, ನೀರು, ಪ್ರಯೋಗಶಾಲೆಯ ಸಾಮಗ್ರಿ ಎಲ್ಲವೂ ಆ ಒಂದು ರೂಪಾಯಿಯಲ್ಲಿ ಆಗಬೇಕು.

ಇಷ್ಟು ಬಡ ಲೆಕ್ಕದಲ್ಲಿ ಮೋಸವೇನು ನಡೆದೀತು ಎಂದು ಕೆಲವರು ಕೇಳುವುದುಂಟು. ಮೋಸಕ್ಕಿಂತ ಕೆಟ್ಟದ್ದು ಮರೆವು. ಜಮಾಖರ್ಚಿನ ತಖ್ತೆ ಎರಡು ಕಡೆಗೂ ಸರಿಹೊಂದಿದರೆ ಲೆಕ್ಕಪರಿಶೋಧಕನ ಕೆಲಸ ಮುಗಿಯಿತು. ಮಂಡಲಿಯ ಕೆಲಸ ಆರಂಭವಾಗುವುದು ಅಲ್ಲಿಂದ. ಪುಸ್ತಕಭಂಡಾರದ ಶುಲ್ಕವೆಂದು ಮಕ್ಕಳಿಂದ ಪಡೆದ ಹಣದಿಂದ ಪುಸ್ತಕ ಬಂದಿತೆ? ಬಂದ ಪುಸ್ತಕ ಬೀರುವಿನಿಂದ ಹೊರಕ್ಕೆ ಬಂದಿತೆ? ಬೀರುವಿನ ಬೀಗದ ಕೈ ಯಾರ ಬಳಿಯಲ್ಲಿದೆ? ಪ್ರಯೋಗಶಾಲೆಯ ಶುಲ್ಕ ಕೊಟ್ಟ ಹುಡುಗ ಪ್ರನಾಳವನ್ನು ಕೈಯಲ್ಲಿ ಹಿಡಿದು ನೋಡಿದನೆ, ಚಿತ್ರದಲ್ಲಿ ನೋಡಿದನೆ? ಈ ಪ್ರಶ್ನೆಗಳಿಗೆ ತಖ್ತೆಯಲ್ಲಿ ಅಂಕಣವಿಲ್ಲ. ರೂಪಾಯಿ ಶಾಲೆಯ ಬಾಗಿಲವರೆಗೆ ಬಂದದ್ದನ್ನು ಕಾಗದ ಹೇಳುತ್ತದೆ; ಬಾಗಿಲಿನಿಂದ ಕೊನೆಯ ಬೆಂಚಿನವರೆಗೆ ಹೋಯಿತೆ ಎಂಬುದನ್ನು ಮನುಷ್ಯರೇ ಕೇಳಬೇಕು. ಮೊದಲನೆಯ ವಿಚಾರಣೆ ಎಂದರೆ ಇದು.

ಇನ್ನು ಕಾರ್ಯಕ್ರಮಗಳು. ಶಾಲೆಯ ವರ್ಷಕ್ಕೆ ಅದರದೇ ಆದ ಪಂಚಾಂಗವುಂಟು: ಸ್ವಾತಂತ್ರ್ಯೋತ್ಸವ, ಗಣೇಶ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ರಾಜ್ಯೋತ್ಸವ, ಪ್ರವಾಸ, ವಾರ್ಷಿಕೋತ್ಸವ, ಕೊನೆಗೆ ಎಲ್ಲಕ್ಕೂ ಶಿಖರಪ್ರಾಯವಾಗಿ ಹತ್ತನೆಯ ತರಗತಿಯ ಪರೀಕ್ಷೆ. ಇವುಗಳಲ್ಲಿ ಮಂಡಲಿಯ ಉತ್ಸಾಹ ವೇದಿಕೆಯಿರುವ ಕಡೆ ಹೆಚ್ಚು. ಅದನ್ನು ನಾನು ಹಳಿಯುವುದಿಲ್ಲ. ವೇಷ ಕಟ್ಟಿಕೊಂಡ ಹುಡುಗಿಯೊಬ್ಬಳು ದೀಪದ ಬೆಳಕಿನಲ್ಲಿ ನಿಂತು ತನ್ನ ಊರಿಗೆಲ್ಲ ಕೇಳುವಂತೆ ನಾಲ್ಕು ಮಾತಾಡುವುದು ಯಾವ ಪಾಠಕ್ಕೂ ಕಡಮೆಯಾದದ್ದಲ್ಲ. ಪ್ರವಾಸವೂ ಪಾಠವೇ. ಆದರೆ ಪ್ರವಾಸದ ಬಸ್ಸು ಹೊರಟಾಗ ಅದರಲ್ಲಿ ಕುಳಿತವರನ್ನು ಎಣಿಸುವುದು ಉಪಾಧ್ಯಾಯರ ಕೆಲಸ. ಹಣವಿಲ್ಲದೆ ಊರಿನಲ್ಲಿಯೇ ಉಳಿದವರನ್ನು ಎಣಿಸುವುದು ಮಂಡಲಿಯ ಕೆಲಸ. ಆ ಎಣಿಕೆ ತಿಳಿದರೆ, ಬಸ್ಸು ಇನ್ನೂ ಹತ್ತಿರದ ಊರಿಗೆ ಹೋಗಿ ಎಲ್ಲರನ್ನೂ ಕರೆದೊಯ್ಯಬಹುದೇ ಎಂಬ ಆಲೋಚನೆ ತಾನಾಗಿಯೇ ಹುಟ್ಟುತ್ತದೆ.

ಪರೀಕ್ಷೆಯ ಫಲಿತಾಂಶದ ವಿಷಯದಲ್ಲಿ ಈ ಆಲೋಚನೆ ಇನ್ನೂ ಅಗತ್ಯ. ಶೇಕಡಾ ನೂರು ಫಲಿತಾಂಶವೆಂದು ಶಾಲೆಯ ಬಾಗಿಲಲ್ಲಿ ಪಟ ಕಟ್ಟುವುದು ಈಗ ಸರ್ವಸಾಮಾನ್ಯ. ಪಟವನ್ನು ನೋಡಿದವರು ಹಿಗ್ಗುತ್ತಾರೆ. ಮುಂದಿನ ವರ್ಷ ಮಕ್ಕಳು ಹೆಚ್ಚಾಗಿ ಸೇರುತ್ತಾರೆ. ನೂರರ ಈ ಸಂಖ್ಯೆಯೊಳಗೆ ಇನ್ನೊಂದು ಸಂಖ್ಯೆ ಅಡಗಿರುತ್ತದೆ. ಎಂಟನೆಯ ತರಗತಿಗೆ ಅರುವತ್ತು ಮಕ್ಕಳು ಬಂದರೆಂದುಕೊಳ್ಳಿ. ಒಂಬತ್ತರಲ್ಲಿ ಹತ್ತು ಮಂದಿಯನ್ನು ತಡೆಹಿಡಿದರು. ಐದು ಮಂದಿಗೆ 'ಬೇರೆ ಕಡೆ ನೋಡಿಕೊಳ್ಳಿ' ಎಂದು ವರ್ಗಾವಣೆಯ ಪತ್ರ ಕೊಟ್ಟರು. ಐದು ಮಂದಿ ತಾವಾಗಿಯೇ ಬಿಟ್ಟರು. ಹತ್ತನೆಯ ತರಗತಿಯಲ್ಲಿ ಪರೀಕ್ಷೆಗೆ ಕುಳಿತ ನಲವತ್ತು ಮಂದಿ ನಲವತ್ತೂ ತೇರ್ಗಡೆಯಾದರು. ಶೇಕಡಾ ನೂರು! ಅರುವತ್ತರಲ್ಲಿ ನಲವತ್ತು ಎಂದರೆ ಮೂರರಲ್ಲಿ ಎರಡು ಪಾಲು ಎಂಬ ಗಣಿತವನ್ನು ನಾವು ಐದನೆಯ ತರಗತಿಯಲ್ಲಿಯೇ ಕಲಿಸಿರುತ್ತೇವೆ. ಮಂಡಲಿಯ ಮೇಜಿನ ಬಳಿ ಮಾತ್ರ ಅದು ಮರೆತುಹೋಗುತ್ತದೆ.

ಇದು ಯಾವ ಒಂದು ಶಾಲೆಯ ದೋಷವೂ ಅಲ್ಲ. ಫಲಿತಾಂಶ ಕಡಮೆಯಾದರೆ ಮೇಲಿನವರು ಮುಖ್ಯೋಪಾಧ್ಯಾಯರಿಂದ ಕಾರಣ ಕೇಳುತ್ತಾರೆ; ಒಂಬತ್ತರಲ್ಲಿ ಮಗು ಬಿಟ್ಟುಹೋದರೆ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ. ಪ್ರಶ್ನೆ ಎಲ್ಲಿ ಬೀಳುತ್ತದೆಯೋ ಅಲ್ಲಿ ಉತ್ತರ ಸಿದ್ಧವಾಗುತ್ತದೆ. ೨೦೨೪ರಲ್ಲಿ ರಾಜ್ಯದಲ್ಲಿ ಒಂದೇ ವರ್ಷ ಮೂರು ಬಾರಿ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿತು; ಹಿಂದುಳಿದ ಮಗುವನ್ನು ಪರೀಕ್ಷೆಯಿಂದ ದೂರವಿಡುವುದಕ್ಕಿಂತ ಅವಕಾಶ ಕೊಡುವುದೇ ಮೇಲೆಂಬ ಅಭಿಪ್ರಾಯ ಅದರ ಹಿಂದೆ ಇತ್ತು. ಕಟ್ಟಳೆ ಬದಲಾಗಬಹುದು, ಪಟದ ಮೇಲಿನ ಮೋಹ ಬದಲಾಗಬೇಕಾದರೆ ಮಂಡಲಿಯೇ ಬೇರೆ ಪ್ರಶ್ನೆಯನ್ನು ಕೇಳಬೇಕು. 'ಎಷ್ಟು ಮಂದಿ ತೇರ್ಗಡೆಯಾದರು?' ಎಂಬುದಕ್ಕೆ ಬದಲು 'ಎಂಟಕ್ಕೆ ಬಂದವರಲ್ಲಿ ಎಷ್ಟು ಮಂದಿ ಹತ್ತನ್ನು ಮುಗಿಸಿದರು?' ಎಂದು. ಎರಡನೆಯ ವಿಚಾರಣೆ ಇದು.

ಮೂರನೆಯದಕ್ಕೆ ಬರುತ್ತೇನೆ. ಮಕ್ಕಳ ಬಾಳು ಎಂದು ನಾನು ಹೇಳಿದುದು ದೊಡ್ಡ ಮಾತಾಯಿತೇನೋ. ದಿನದ ಐದಾರು ಗಂಟೆ ಅವರು ಶಾಲೆಯಲ್ಲಿರುತ್ತಾರೆ. ಅಲ್ಲಿ ನೀರು ಕುಡಿಯುತ್ತಾರೆ, ಊಟ ಮಾಡುತ್ತಾರೆ, ನಗುತ್ತಾರೆ, ಅವಮಾನ ಪಡುತ್ತಾರೆ. ಅಷ್ಟನ್ನೇ ಹೇಳುತ್ತಿದ್ದೇನೆ. ಈ ಬಾಳು ಮಂಡಲಿಯ ಮುಂದೆ ಬರುವುದು ಒಂದೇ ವೇಷದಲ್ಲಿ: 'ಹಾಜರಿ ಶೇಕಡಾ ೯೨' ಎಂದು. ೩೦೦ ಮಕ್ಕಳಲ್ಲಿ ದಿನಕ್ಕೆ ೨೪ ಮಂದಿ ಬಂದಿಲ್ಲವೆಂದು ಅದರ ಅರ್ಥ. ದಿನಕ್ಕೊಬ್ಬರಂತೆ ಜ್ವರವೋ ಜಾತ್ರೆಯೋ ಕಾರಣವಾಗಿ ಬೇರೆ ಬೇರೆ ಮಕ್ಕಳು ತಪ್ಪಿಸಿಕೊಂಡರೂ ೯೨. ಅದೇ ೨೪ ಮಂದಿ ತಿಂಗಳೆಲ್ಲ ಬಾರದೆ ಹೋದರೂ ೯೨. ಮೊದಲನೆಯದು ಶಾಲೆಯ ಸಹಜಸ್ಥಿತಿ. ಎರಡನೆಯದು ೨೪ ಮನೆಗಳ ಸಂಕಟ. ಶೇಕಡಾವಾರಿಗೆ ಈ ಎರಡರ ನಡುವಣ ಅಂತರ ತಿಳಿಯದು.

ಆ ಕಾರಣದಿಂದ ನಾನು ಒಂದು ಸಭೆಯಲ್ಲಿ, ಹಾಜರಿಯ ಶೇಕಡಾವಾರಿನ ಜತೆಗೆ ಹದಿನೈದು ದಿನಗಳಿಗಿಂತ ಹೆಚ್ಚು ಕಾಲ ಬಾರದವರ ಪಟ್ಟಿಯನ್ನೂ, ಹೆಸರಿನ ಎದುರಿಗೆ ಕಾರಣವನ್ನೂ ಬರೆದಿಡುವಂತಾಗಲಿ ಎಂದು ಕೇಳಿದೆ. ಹಣದ ಖರ್ಚಿಲ್ಲದ ವಿಷಯವಾದುದರಿಂದ ಯಾರೂ ವಿರೋಧಿಸಲಿಲ್ಲ. ಮುಖ್ಯೋಪಾಧ್ಯಾಯರು ಶ್ರದ್ಧೆಯ ಮನುಷ್ಯರು. ಉಪಾಧ್ಯಾಯರನ್ನು ಮನೆಗಳಿಗೆ ಕಳುಹಿಸಿ, ಮುಂದಿನ ಸಭೆಗೆ ಪಟ್ಟಿಯನ್ನು ತಂದರು. ಹದಿನಾಲ್ಕು ಹೆಸರುಗಳಿದ್ದುವು. ಹುಡುಗರಲ್ಲಿ ಕೆಲವರು ಅಂಗಡಿಗೆ, ಕೆಲವರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗಿಯರಲ್ಲಿ ಐದು ಮಂದಿ ಒಂದೇ ದಿಕ್ಕಿನ ಎರಡು ಹಳ್ಳಿಗಳವರು. ಫಲಿತಾಂಶ ಹೆಚ್ಚಲೆಂದು ಸಂಜೆ ನಡೆಯುತ್ತಿದ್ದ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಆ ದಿಕ್ಕಿನ ಬಸ್ಸು ಹೊರಟುಹೋಗಿರುತ್ತಿತ್ತು. ಕತ್ತಲಲ್ಲಿ ಮೂರು ಮೈಲಿ ನಡೆದು ಬಾ ಎಂದು ಯಾವ ತಾಯಿ ಹೇಳಿಯಾಳು? ಒಬ್ಬಳ ಮನೆಯವರು ನಿಲ್ಲಿಸಿದರು. ಅವಳಿಲ್ಲದೆ ಜತೆ ತಪ್ಪಿತೆಂದು ಮಿಕ್ಕವರೂ ನಿಂತರು. ಮಂಡಲಿಯೇ ಮೆಚ್ಚಿ ಒಪ್ಪಿದ್ದ ಕಾರ್ಯಕ್ರಮ, ಮಂಡಲಿಯೇ ಮಂಜೂರು ಮಾಡಿದ್ದ ಖರ್ಚು. ಅದರ ಇನ್ನೊಂದು ತುದಿಯಲ್ಲಿ ಹೀಗೆ ಐದು ಜಾಗಗಳು ಖಾಲಿಯಾಗಿದ್ದುವು.

ಮುಖ್ಯೋಪಾಧ್ಯಾಯರು ವಿಶೇಷ ತರಗತಿಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದರು. ಒಂದು ರೂಪಾಯಿ ಖರ್ಚಾಗಲಿಲ್ಲ. ನಾಲ್ವರು ಹುಡುಗಿಯರು ಮತ್ತೆ ಬಂದರು. ಐದನೆಯವಳ ಹೆಸರಿನ ಎದುರಿಗೆ ಕಾರಣದ ಅಂಕಣದಲ್ಲಿ 'ಮದುವೆ' ಎಂಬ ಮೂರಕ್ಷರವಿತ್ತು. ಒಂಬತ್ತನೆಯ ತರಗತಿಯ ಹುಡುಗಿ. ಬಾಲ್ಯವಿವಾಹವನ್ನು ನಿಷೇಧಿಸುವ ೨೦೦೬ರ ಕಾಯಿದೆಯಲ್ಲಿ ಹೆಣ್ಣಿಗೆ ೧೮ ವರ್ಷ ತುಂಬಬೇಕೆಂದಿರುವುದು ಆ ಮೇಜಿನ ಸುತ್ತ ಕುಳಿತ ಎಲ್ಲರಿಗೂ ಗೊತ್ತಿತ್ತು. ವಿಷಯವನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ಬರೆದು ತಿಳಿಸಿದರು. ಅಂದು ಕಾಫಿಯ ಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಅವಳು ಬಾರದ ಮೊದಲ ತಿಂಗಳಿನಲ್ಲಿಯೂ ಹಾಜರಿ ಶೇಕಡಾ ೯೨ ಎಂದೇ ನಡವಳಿ ಪುಸ್ತಕದಲ್ಲಿ ದಾಖಲಾಗಿತ್ತು. ಅಂದಿನಿಂದ ಆ ಪಟ್ಟಿ ಪ್ರತಿ ಸಭೆಯ ಮೊದಲ ವಿಷಯವಾಯಿತು. ಸುಣ್ಣದ ಕೂಲಿ ಕೊನೆಗೆ ಹೋಯಿತು.

ಯೋಗಕ್ಷೇಮದ ವಿಚಾರಣೆಯಲ್ಲಿ ಮಂಡಲಿಯ ಇಷ್ಟಾನಿಷ್ಟಕ್ಕೆ ಎಡೆಯೇ ಇಲ್ಲದ ಕೆಲವು ವಿಷಯಗಳೂ ಇವೆ. ಮಕ್ಕಳ ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆ ೧೪ ವರ್ಷದವರೆಗಿನ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಕಾಯಿದೆಯಂತೆ, ಅಂಥ ಅಪರಾಧ ನಡೆದಿರುವುದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. 'ಶಾಲೆಯ ಹೆಸರು ಕೆಡುತ್ತದೆ' ಎಂಬ ಮಾತು ಮಂಡಲಿಗಳಲ್ಲಿ ಬಹಳ ಬೇಗ ಕೇಳಿಬರುತ್ತದೆ. ಶಾಲೆಯ ಹೆಸರು ಹೆಬ್ಬಾಗಿಲ ಹಲಗೆಯ ಮೇಲಿನದು. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿರುವುದು. ಯಾವುದನ್ನು ಕಾಪಾಡಲು ಮಂಡಲಿ ಇದೆ ಎಂಬುದನ್ನು ಅಂಥ ದಿನ ಬರುವ ಮೊದಲೇ ತೀರ್ಮಾನಿಸಿಕೊಂಡಿರುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಮೇಲೆ, 'ಹಾಗಾದರೆ ಸದಸ್ಯರು ದಿನವೂ ಶಾಲೆಗೆ ಹೋಗಿ ಎಲ್ಲದರಲ್ಲಿಯೂ ಕೈಹಾಕಬೇಕೋ?' ಎಂದು ಉಪಾಧ್ಯಾಯ ಮಿತ್ರರು ಗಾಬರಿಯಾಗಬಹುದು. ಅವರ ಗಾಬರಿಗೆ ಕಾರಣವಿದೆ. ತಮ್ಮನ ಮಗನನ್ನು ಪಾಸು ಮಾಡಿಸಲು, ಭಾವಮೈದುನನಿಗೆ ಬಣ್ಣದ ಗುತ್ತಿಗೆ ಕೊಡಿಸಲು, ತಮಗೆ ನಮಸ್ಕರಿಸದ ಉಪಾಧ್ಯಾಯರ ವೇಳಾಪಟ್ಟಿಯನ್ನು ತಿದ್ದಿಸಲು ಬರುವ ಸದಸ್ಯರನ್ನು ಅವರು ಕಂಡಿದ್ದಾರೆ. ಡಾಕ್ಟರ್ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗ ೧೯೫೩ರಲ್ಲಿ ಕೊಟ್ಟ ವರದಿಯಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ: ಮಂಡಲಿಯ ಯಾವ ಸದಸ್ಯನಿಗೂ ಶಾಲೆಯ ಒಳಾಡಳಿತದಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೈಹಾಕುವ ಹಕ್ಕಿರಬಾರದು. ಎಪ್ಪತ್ತು ವರ್ಷಗಳ ಹಿಂದಿನ ಆ ಸಲಹೆ ಇಂದಿಗೂ ಹಳತಾಗಿಲ್ಲ. ನಮ್ಮ ರಾಜ್ಯದ ೧೯೮೩ರ ಶಿಕ್ಷಣ ಕಾಯಿದೆ — ಅದು ಜಾರಿಗೆ ಬಂದದ್ದು ೧೯೯೫ರಲ್ಲಿ — ವಿಚಾರಣೆಯಿಲ್ಲದೆ ಉಪಾಧ್ಯಾಯರನ್ನು ಕೆಲಸದಿಂದ ತೆಗೆಯಲಾಗದೆಂದೂ, ತೆಗೆದರೆ ನ್ಯಾಯಮಂಡಲಿಗೆ ಮೇಲ್ಮನವಿ ಹೋಗಬಹುದೆಂದೂ ಗೊತ್ತುಮಾಡಿದುದರ ಹಿಂದೆಯೂ ಇದೇ ಅನುಭವವಿದೆ.

ಕೇಳುವುದು ಬೇರೆ, ಕೈಹಾಕುವುದು ಬೇರೆ. ಪ್ರಶ್ನೆ ಸಭೆಯಲ್ಲಿ ಹುಟ್ಟಬೇಕು, ಮುಖ್ಯೋಪಾಧ್ಯಾಯರಿಗೆ ಹೋಗಬೇಕು, ಉತ್ತರ ನಡವಳಿಯಲ್ಲಿ ದಾಖಲಾಗಬೇಕು. ಅಪ್ಪಣೆ ಹಜಾರದಲ್ಲಿ ಹುಟ್ಟಿ, ಒಬ್ಬ ಉಪಾಧ್ಯಾಯರ ಕಿವಿಗೆ ಮಾತ್ರ ಬಿದ್ದು, ಎಲ್ಲಿಯೂ ದಾಖಲಾಗದೆ ಉಳಿದರೆ ಅದು ಕೈಹಾಕಿದಂತೆ. ಬಸ್ಸಿನ ವಿಷಯದಲ್ಲಿ ಮಂಡಲಿ ಕಾರಣವನ್ನು ಕೇಳಿತು. ತರಗತಿಯ ಹೊತ್ತನ್ನು ಬದಲಾಯಿಸಿದವರು ಮುಖ್ಯೋಪಾಧ್ಯಾಯರು. ಅದು ಹಾಗೆಯೇ ಆಗಬೇಕಾದದ್ದು.

ಸರ್ಕಾರಿ ಶಾಲೆಗಳಲ್ಲಿ ಈ ಅಧಿಕಾರ ಈಗ ತಂದೆತಾಯಿಗಳ ಕೈಗೆ ಬಂದಿದೆ. ೨೦೦೧ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಶಿಕ್ಷಣದ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗಿನ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕೆಂದು ವಿಧಿಸಿತು. ಶಾಲೆಯ ನಡೆವಳಿಕೆಯನ್ನು ನೋಡುವುದು, ಬೆಳವಣಿಗೆಯ ಯೋಜನೆಯನ್ನು ಸಿದ್ಧಪಡಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ಗಮನಿಸುವುದು ಅವರ ಕೆಲಸ. ಅನುದಾನಿತ ಶಾಲೆಗಳಲ್ಲಿ ಮಾತ್ರ ಅಂಥ ಸಮಿತಿ ಸಲಹೆ ಕೊಡುವಷ್ಟಕ್ಕೆ ಸೀಮಿತವೆಂದು ೨೦೧೨ರ ತಿದ್ದುಪಡಿ ಹೇಳಿತು. ಪ್ರೌಢಶಾಲೆಗಳಿಗೂ ಸಮಿತಿಗಳಿರಬೇಕೆಂದು ೨೦೦೯ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಗೊತ್ತುಮಾಡಿತು.

ಕೂಲಿಗೆ ಹೋಗುವ ತಾಯಿ ಸಮಿತಿಯಲ್ಲಿ ಕುಳಿತು ಏನು ಮಾಡಿಯಾಳು, ಜಮಾಖರ್ಚು ಅವಳಿಗೆ ತಿಳಿಯುತ್ತದೆಯೆ ಎಂದು ಕೇಳುವವರನ್ನು ನಾನು ಬಲ್ಲೆ. ಜಮಾಖರ್ಚನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಚಿಲಕವಿಲ್ಲವೆಂಬುದು ಎಷ್ಟು ದೊಡ್ಡ ವಿಷಯವೆಂದು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ವಿದ್ವಾಂಸರೂ ವರ್ತಕರೂ ತುಂಬಿದ್ದ ನಮ್ಮ ಮೇಜಿನ ಸುತ್ತ ಆ ಎರಡು ಹಳ್ಳಿಗಳ ಒಬ್ಬ ತಾಯಿ ಕುಳಿತಿದ್ದರೆ, ಬಸ್ಸಿನ ವಿಷಯ ಪಟ್ಟಿಯಿಲ್ಲದೆಯೇ ಮೊದಲ ವಾರದಲ್ಲಿ ಗೊತ್ತಾಗುತ್ತಿತ್ತು. ಆದರೆ ಅವಳನ್ನು ಸಭೆಗೆ ಕರೆಯುವುದು ಕೂಲಿಯ ಹೊತ್ತಿನಲ್ಲಾದರೆ, ರುಜು ಮಾತ್ರ ಬೇಕು, ಮಾತು ಬೇಡ ಎಂದಾದರೆ, ಕಾಯಿದೆಯ ಅರ್ಧಪಾಲು ಕಾಗದದಲ್ಲಿಯೇ ಉಳಿಯುತ್ತದೆ.

ಮಂಡಲಿಯ ಸದಸ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರಿಗೆ ಸಂಬಳವಿಲ್ಲ. ಅಂಗಡಿಯನ್ನೋ ಹೊಲವನ್ನೋ ಬಿಟ್ಟು ಬರುತ್ತಾರೆ. ಶಾಲೆಗೆ ಸಾಲ ಬೇಕಾದಾಗ ತಮ್ಮ ಹೆಸರಿನ ಮೇಲೆ ತಂದವರಿದ್ದಾರೆ; ತಡವಾದ ಸಂಬಳದ ತಿಂಗಳಿನಲ್ಲಿ ಉಪಾಧ್ಯಾಯರ ಮನೆಗೆ ಅಕ್ಕಿ ಕಳುಹಿಸಿದವರಿದ್ದಾರೆ. ಒಳ್ಳೆಯತನದ ಕೊರತೆ ನನಗೆ ಎಲ್ಲಿಯೂ ಕಾಣಲಿಲ್ಲ. ಕೊರತೆಯಿದ್ದದ್ದು ಪ್ರಶ್ನೆಗಳದು. ತಮ್ಮ ಮುಂದೆ ಬಂದ ಕಾಗದವನ್ನು ನೋಡುವುದೇ ಕೆಲಸವೆಂದು ಅವರು ತಿಳಿದಿದ್ದರು; ಯಾವ ಕಾಗದ ಬರಬೇಕೆಂದು ಹೇಳುವುದೂ ತಮ್ಮ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ, ಉಪಾಧ್ಯಾಯರಲ್ಲಿ ಹಲವರು ಮುಂದೆ ಎಂದಾದರೊಂದು ದಿನ ಯಾವುದಾದರೊಂದು ಶಾಲೆಯ ಮೇಜಿನ ಸುತ್ತ ಕೂಡಬೇಕಾಗಬಹುದು. ಅವರ ಮುಂದೆ ಆಯವ್ಯಯದ ತಖ್ತೆಯೂ ಫಲಿತಾಂಶದ ಶೇಕಡಾವಾರೂ ಬರುತ್ತವೆ. ಎರಡನ್ನೂ ಶ್ರದ್ಧೆಯಿಂದ ಓದಲಿ. ಓದಿದ ಮೇಲೆ, ಕಾಗದವನ್ನು ಮಡಿಸುವ ಮುನ್ನ, 'ಈ ತಿಂಗಳು ಬಾರದವರು ಯಾರು, ಏಕೆ?' ಎಂದು ಕೇಳಲಿ. ಶೇಕಡಾವಾರಿನಿಂದ ಉತ್ತರ ಕೊಡಲು ಬಂದರೆ ಹೆಸರು ಹೇಳಿ ಎನ್ನಲಿ. ಹೆಸರು ಬಂದ ಮೇಲೆ ಆ ಮಗುವಿನ ಮನೆಗೆ ದಾರಿ ಯಾವುದೆಂದು ಊರಿನಲ್ಲಿ ಯಾರಾದರೊಬ್ಬರಿಗೆ ಗೊತ್ತಿದ್ದೇ ಇರುತ್ತದೆ.